ಹಿನ್ನೀರಿಗೆ ಮರುಳಾಗುವ ಮುನ್ನ

ಕೊಚ್ಚಿಯಲ್ಲಿ ಫ್ಲಾಟ್ ನೋಡಲು ಹೋದರೆ ಬ್ರೋಕರ್ ಮೊದಲು ಬಾಲ್ಕನಿಗೆ ಕರೆದೊಯ್ಯುತ್ತಾನೆ: ‘ನೋಡಿ ಸರ್, ಹಿನ್ನೀರು!’ ನನಗೆ ಮರಡು ನೆನಪಾಗುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಮುರಿದಿದ್ದಕ್ಕೆ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಅಲ್ಲಿನ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ಸ್ಫೋಟಿಸಿ ಕೆಡವಿದರು. ನೋಂದಣಿ ಮಾಡಿಸಿ, ತೆರಿಗೆ ಕಟ್ಟುತ್ತಿದ್ದ ಸಂಸಾರಗಳೂ ಮನೆ ಕಳೆದುಕೊಂಡವು.

ನಮ್ಮಂಥ ಐಟಿಯವರು ಹುಡುಕುವುದು ಇಲ್ಲಿ ಇನ್ಫೋಪಾರ್ಕ್ ಇರುವ ಕಾಕ್ಕನಾಡ್, ತಿರುವನಂತಪುರದಲ್ಲಾದರೆ ಟೆಕ್ನೋಪಾರ್ಕ್ ಪಕ್ಕದ ಕಳಕ್ಕೂಟ್ಟಂ. ಸ್ಕೂಲು, ಟ್ರಾಫಿಕ್ ಲೆಕ್ಕಾಚಾರ ಆಮೇಲೆ. ಮೊದಲು ವಿಲೇಜ್ ಆಫೀಸಿನ ದಾಖಲೆ ನೋಡಿ: ಜಾಗ ‘ಪುರಯಿಡಂ’ ಎಂದಿರಬೇಕು. ‘ನಿಲಂ’ ಎಂದಿದ್ದರೆ ಅದು ಗದ್ದೆ. 2008ರ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಕೊಚ್ಚಿಯಲ್ಲಾದರೆ ಹತ್ತಿರದ ಚಹಾ ಅಂಗಡಿಯಲ್ಲೂ ಒಂದು ಮಾತು ಕೇಳಿ: 2018ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?