ಡಿಶ್‌ವಾಶರ್ ಬಿಸಿಯಾಗ್ತಿಲ್ವಾ? ಮೊದಲು ಕರೆಂಟ್ ಮೀಟರ್ ನೋಡಿ

ಡಿಶ್‌ವಾಶರ್ ಎರಡು ಗಂಟೆ ಓಡಿ ನಿಂತಿದೆ. ಬಾಗಿಲು ತೆಗೆದರೆ ತಟ್ಟೆ ತಣ್ಣಗಿದೆ, ಒಗ್ಗರಣೆ ಬಾಂಡ್ಲಿಯ ಜಿಡ್ಡು ಹಾಗೇ ಇದೆ. ಹೀಗಾಗಿದೆ ಅಂತ ಯಾರಿಗೆ ಹೇಳಿದರೂ ಬರುವ ಉತ್ತರ ಒಂದೇ: "ಹೀಟರ್ ಹೋಗಿದೆ, ಹೊಸದು ಹಾಕಿಸಿ." ಆದರೆ ನೀರು ಬಿಸಿಯಾಗದೇ ಇರೋಕೆ ಹೀಟರ್ ಒಂದೇ ಕಾರಣ ಅಲ್ಲ. ದುಡ್ಡು ಖರ್ಚು ಮಾಡುವ ಮೊದಲು, ಮಷೀನ್ ಬಿಚ್ಚದೇ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ.

ಮೊದಲು ಮಷೀನ್ ಕೆಲಸ ಮಾಡೋ ರೀತಿ ನೋಡೋಣ. ಸುಮಾರು 3–4 ಲೀಟರ್ ತಣ್ಣೀರು ಒಳಗೆ ಬಂದು ತಳದಲ್ಲಿ ನಿಲ್ಲುತ್ತೆ. ಪಂಪ್ ಅದೇ ನೀರನ್ನು ಮತ್ತೆ ಮತ್ತೆ ಪಾತ್ರೆಗಳ ಮೇಲೆ ಚಿಮ್ಮಿಸುತ್ತೆ. ಸುಮಾರು 2000 ವ್ಯಾಟ್‌ನ ಹೀಟರ್ ಅದನ್ನು ಪ್ರೋಗ್ರಾಮ್‌ಗೆ ತಕ್ಕಂತೆ 50ರಿಂದ 70 ಡಿಗ್ರಿವರೆಗೆ ಕಾಯಿಸುತ್ತೆ. ಎಷ್ಟು ಕಾದಿದೆ ಅನ್ನೋದನ್ನು ಒಂದು ಸೆನ್ಸರ್ ಹೇಳುತ್ತೆ.

ಈಗ ಪರೀಕ್ಷೆ. ಮನೆಯ ಕರೆಂಟ್ ಮೀಟರ್‌ನಲ್ಲಿ ಮಿಣುಕುವ ಕೆಂಪು ದೀಪ ಇರುತ್ತಲ್ಲ, ಅದು ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತೆ ಅಂತ ಮೀಟರ್ ಮೇಲೇ ಬರೆದಿರುತ್ತೆ. 3200 ಅಂತ ಇಟ್ಟುಕೊಳ್ಳಿ. (1600 ಇದ್ದರೆ ಮುಂದಿನ ಲೆಕ್ಕ ಎಲ್ಲ ಅರ್ಧ.) ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲ ಆಫ್ ಮಾಡಿ. ಮಷೀನ್ ಅನ್ನು 65 ಅಥವಾ 70 ಡಿಗ್ರಿ ಪ್ರೋಗ್ರಾಮ್‌ಗೆ ಹಾಕಿ. ಮೊದಲ ಅರ್ಧ ಗಂಟೆಯಲ್ಲಿ ಆಗಾಗ ಒಂದೊಂದು ನಿಮಿಷ ಮಿಣುಕು ಎಣಿಸಿ. 2000 ವ್ಯಾಟ್ ಹೀಟರ್ ಆನ್ ಆದರೆ ನಿಮಿಷಕ್ಕೆ ಸುಮಾರು 107 ಮಿಣುಕು. ಬರೀ ಪಂಪ್ ಓಡಿದರೆ ಐದಾರು ಅಷ್ಟೇ.

ಐದಾರರ ಮೇಲೆ ಹೋಗಲೇ ಇಲ್ಲ ಅಂದರೆ ಹೀಟರ್‌ಗೆ ಕರೆಂಟೇ ಹೋಗ್ತಿಲ್ಲ. ಆಗಲೂ ಮೊದಲು ನೀರು ನೋಡಿ. ನೀರು ಸಾಕಷ್ಟು ಇಲ್ಲದಿದ್ದರೆ ಅಥವಾ ಸರಿಯಾಗಿ ಸುತ್ತದಿದ್ದರೆ ಎಷ್ಟೋ ಮಷೀನ್‌ಗಳು ಸುರಕ್ಷತೆಗಾಗಿ ಹೀಟರ್ ಹಾಕೋದೇ ಇಲ್ಲ. ಮಾಳಿಗೆ ಮೇಲಿನ ಟ್ಯಾಂಕ್ ಮಷೀನ್‌ಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಸಿಗೋದು ಸುಮಾರು 0.3 ಬಾರ್ ಒತ್ತಡ, ಕೆಲವು ಮಾಡೆಲ್‌ಗೆ ಅದು ಸಾಲಲ್ಲ. ಇನ್ನು ತಳದ ಫಿಲ್ಟರ್. ಸಿಂಧನೂರು ಕಡೆ ಭತ್ತದ ಸೀಮೆ, ತಟ್ಟೆಯಲ್ಲಿ ಅನ್ನ ಇದ್ದೇ ಇರುತ್ತೆ. ಅಗುಳು ಫಿಲ್ಟರ್‌ನಲ್ಲಿ ಅಂಟಿನಂತೆ ಕೂತರೆ ನೀರು ಸುತ್ತೋದು ಕಮ್ಮಿಯಾಗುತ್ತೆ. ಇದೆಲ್ಲ ಸರಿ ಇದ್ದರೆ ಮಾತ್ರ ಹೀಟರ್, ಸೆನ್ಸರ್, ರಿಲೇ ಕಡೆ ಹೋಗಿ.

100ರ ಆಸುಪಾಸು ಬಂದು ಬೇಗ ನಿಂತುಹೋದರೆ ಹೀಟರ್ ಬದುಕಿದೆ. ಸೆನ್ಸರ್ ಸುಳ್ಳು ಹೇಳ್ತಿರಬಹುದು, ಇಲ್ಲಾ ಸುಣ್ಣ ಕಟ್ಟಿರಬಹುದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದಂಶ ಹೀಟರ್ ಮೇಲೆ ಪದರವಾಗಿ ಕೂರುತ್ತೆ. ಶಾಖ ನೀರಿಗೆ ಇಳಿಯದೆ ಹೀಟರ್ ತಾನೇ ಅತಿಯಾಗಿ ಕಾದು ಸೇಫ್ಟಿ ಕಟ್ ಆಗುತ್ತೆ. ಕಾಲುವೆ ನೀರಿಗಿಂತ ಬೋರ್ ನೀರು ಸಾಮಾನ್ಯವಾಗಿ ಗಡಸು. ಹಾಗಾಗಿ ಕಾಲುವೆ ಬಂದ್ ಆಗಿ ಬೋರ್‌ಗೆ ಬದಲಾಯಿಸಿದಾಗ ಮಷೀನ್‌ನ ಹಾರ್ಡ್‌ನೆಸ್ ಸೆಟ್ಟಿಂಗೂ ಬದಲಾಗಬೇಕು. ಡಿಶ್‌ವಾಶರ್ ಉಪ್ಪು ಖಾಲಿ ಆಗಬಾರದು. ಅಡುಗೆ ಪುಡಿ ಉಪ್ಪು ಅದಕ್ಕೆ ಹಾಕಬೇಡಿ.

ಮೂರನೆಯದನ್ನು ಯಾರೂ ಯೋಚಿಸಲ್ಲ: 60–70 ಮಿಣುಕು. ಸಾಲಗುಂದದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ರಾತ್ರಿ 8ಕ್ಕೆ ಎಣಿಸಿದಾಗ ಬಂದಿದ್ದು 68, ಬೆಳಿಗ್ಗೆ 5ಕ್ಕೆ 106. ಅದೇ ಹೀಟರ್, ಅದೇ ಪ್ರೋಗ್ರಾಮ್. ಬದಲಾಗಿದ್ದು ವೋಲ್ಟೇಜ್. ಹೀಟರ್‌ನ ಪವರ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ: 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ 2000 ವ್ಯಾಟ್ ಹೀಟರ್ ಕೊಡೋದು ಸುಮಾರು 1225 ವ್ಯಾಟ್. ಕೆಲವು ಮಷೀನ್ ಕಾದು ಕಾದು ಸೈಕಲ್ ಉದ್ದ ಮಾಡುತ್ತವೆ, ಕೆಲವು ಎರರ್ ತೋರಿಸಿ ನಿಲ್ಲುತ್ತವೆ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ ಕರೆಂಟ್ ತಯಾರಾಗುತ್ತೆ, ನಿಜ. ಆದರೆ ಮನೆಗೆ ಎಷ್ಟು ವೋಲ್ಟ್ ಮುಟ್ಟುತ್ತೆ ಅನ್ನೋದು ಟ್ರಾನ್ಸ್‌ಫಾರ್ಮರ್ ಎಷ್ಟು ದೂರ, ಆ ಲೈನ್ ಮೇಲೆ ಎಷ್ಟು ಲೋಡ್ ಅನ್ನೋದರ ಮೇಲಿದೆ.

ಚಿಕ್ಕಮ್ಮನಿಗೆ ಇದು ಸಣ್ಣ ವಿಷಯ ಆಗಿರಲಿಲ್ಲ. "ಮಷೀನ್ ಕೆಲಸಕ್ಕೆ ಬರಲ್ಲ, ಅಟ್ಟಕ್ಕೆ ಹಾಕ್ರಿ" ಅನ್ನೋ ಮಾತು ಆಗಲೇ ಶುರುವಾಗಿತ್ತು. ಅಟ್ಟಕ್ಕೆ ಹೋದರೆ ಮೂರು ಹೊತ್ತಿನ ಪಾತ್ರೆ ಮತ್ತೆ ಅವರ ಕೈಗೇ ಬರ್ತಿತ್ತು. ಈಗ ರಾತ್ರಿ ಪಾತ್ರೆ ಜೋಡಿಸಿ, ಟೈಮರ್‌ನಲ್ಲಿ ಬೆಳಗಿನ ಜಾವಕ್ಕೆ ಓಡಿಸ್ತಾರೆ. ಹೀಟರ್ ಬದಲಾಯಿಸಲಿಲ್ಲ.

ಹೊತ್ತು ಬದಲಾಯಿಸಲು ಆಗದಿದ್ದರೆ ಸ್ಟೆಬಿಲೈಜರ್ ಹಾಕಬಹುದು. ಆದರೆ ಅದು ಮಷೀನ್‌ನ ಪೂರ್ತಿ ಲೋಡ್ ತಡೆಯುವಂಥದ್ದಿರಬೇಕು, ಟಿವಿಯದ್ದು ಸಾಲಲ್ಲ. 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಮಷೀನ್ ಮುಟ್ಟಿದರೆ ಜುಮ್ಮೆಂದರೆ ಅಥವಾ ಹೀಟರ್ ಆನ್ ಆದಾಗ ಟ್ರಿಪ್ ಆದರೆ ಮುಂದೆ ಪರೀಕ್ಷೆ ಬೇಡ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಮಷೀನ್ ಬಿಚ್ಚೋದು ಮೆಕ್ಯಾನಿಕ್ ಕೆಲಸ. ಪ್ಲಗ್ ತೆಗೆದ ಮೇಲೆ ಅವರು ಮಲ್ಟಿಮೀಟರ್‌ನಲ್ಲಿ ಅಳೆದರೆ 2000 ವ್ಯಾಟ್‌ನ ಒಳ್ಳೆ ಹೀಟರ್ ಸುಮಾರು 26 ಓಮ್ ತೋರಿಸುತ್ತೆ. "ಹೀಟರ್ ಹೋಗಿದೆ" ಅಂದರೆ ಆ ಅಳತೆಯನ್ನು ನಿಮ್ಮ ಎದುರಿಗೇ ತೋರಿಸಲು ಕೇಳಿ.