ಡಬ್ಬಿ ಹಾಲು: ಎಷ್ಟು, ಎಷ್ಟು ಹೊತ್ತಿಗೊಮ್ಮೆ?

ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಸಾಕು, ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೂ ಕೆಲವು ಮನೆಗಳಿಗೆ ಡಬ್ಬಿ ಹಾಲು ಅನಿವಾರ್ಯವಾಗುತ್ತದೆ. ತಾಯಿ ತೀರಿಕೊಂಡಿರಬಹುದು, ಹಾಲೂಡಿಸಬಾರದಂಥ ಔಷಧ ತೆಗೆದುಕೊಳ್ಳುತ್ತಿರಬಹುದು, ಕೂಸನ್ನು ದತ್ತು ತಂದಿರಬಹುದು, ಎಷ್ಟು ಯತ್ನಿಸಿದರೂ ಹಾಲು ಸಾಲದೆ ವೈದ್ಯರೇ ಬರೆದುಕೊಟ್ಟಿರಬಹುದು. ಅಂಥ ಮನೆಯವರನ್ನು ಎರಡು ಪ್ರಶ್ನೆಗಳು ಕಾಡುತ್ತವೆ: ಒಂದು ಸಲಕ್ಕೆ ಎಷ್ಟು ಕುಡಿಸಬೇಕು? ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು?

ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಡಬ್ಬಿ ಹಾಲಿಗಾಗಲಿ, ಹಾಲಿನ ಬಾಟಲಿಗಾಗಲಿ ಜಾಹೀರಾತು ಕೊಡುವಂತಿಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ತುಂಬ ಒಳ್ಳೆಯ ಕಾಯ್ದೆ ಇದು. ಆದರೆ ಜಾಹೀರಾತನ್ನು ತೆಗೆದುಹಾಕಿದ ಜಾಗಕ್ಕೆ ತಿಳಿವಳಿಕೆ ಬರಬೇಕಿತ್ತು, ಅದು ಸಾಕಷ್ಟು ಬರಲಿಲ್ಲ. ಡಬ್ಬಿಯ ಹಿಂಬದಿಯ ಸಣ್ಣಕ್ಷರ ಮತ್ತು ಅಕ್ಕಪಕ್ಕದವರ ಮಾತು, ಇವೆರಡನ್ನೇ ನಂಬಿಕೊಂಡು ಬಹಳ ಮಂದಿ ಕೂಸು ಸಾಕುತ್ತಾರೆ. ಈ ಅಧ್ಯಾಯ ಅಂಥವರಿಗಾಗಿ.

ಡಬ್ಬಿಯೊಳಗೆ ಏನಿದೆ?

ಹಸುವಿನ ಅಥವಾ ಎಮ್ಮೆಯ ಹಾಲಿನಲ್ಲಿ ಪ್ರೋಟೀನು, ಲವಣ ಎರಡೂ ಹಸುಗೂಸಿಗೆ ಅತಿ ಹೆಚ್ಚು. ಅವನ್ನು ತಗ್ಗಿಸಿ, ಲ್ಯಾಕ್ಟೋಸ್, ಸಸ್ಯಜನ್ಯ ಎಣ್ಣೆ, ಕಬ್ಬಿಣ, ವಿಟಮಿನ್ನುಗಳನ್ನು ಸೇರಿಸಿ, ಒಣಗಿಸಿ ಪುಡಿ ಮಾಡಿದರೆ ಅದೇ ಫಾರ್ಮುಲಾ ಹಾಲು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯ ವಿಜ್ಞಾನಿಗಳೇ ರೂಪಿಸಿದರು, ಗುಜರಾತಿನ ಅಮೂಲ್ ಅದನ್ನು ಮಾರುಕಟ್ಟೆಗೆ ತಂದಿತು. ಕನ್ನಡನಾಡಿನವರು ಹೆಮ್ಮೆಯಿಂದ ನೆನೆಯಬೇಕಾದ ಕೆಲಸವಿದು.

ದಿನದ ಲೆಕ್ಕ

ಮುಂದಿನ ಲೆಕ್ಕವೆಲ್ಲ ದಿನ ತುಂಬಿ ಹುಟ್ಟಿದ, ಎರಡೂವರೆ ಕಿಲೋಗಿಂತ ಹೆಚ್ಚು ತೂಗುವ, ಆರೋಗ್ಯವಾಗಿರುವ ಕೂಸಿಗೆ. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸಿನ ಲೆಕ್ಕವನ್ನು ವೈದ್ಯರೇ ಹಾಕಬೇಕು.

ಹುಟ್ಟಿದ ದಿನ ಕೂಸಿನ ಹೊಟ್ಟೆ ಬಲು ಚಿಕ್ಕದು. ಆವತ್ತು ಪ್ರತಿ ಕಿಲೋ ತೂಕಕ್ಕೆ ಇಡೀ ದಿನಕ್ಕೆ ಸುಮಾರು 60 ಮಿ.ಲೀ. ಸಾಕು. ಅಲ್ಲಿಂದ ದಿನಕ್ಕೆ 20 ಮಿ.ಲೀ.ಯಂತೆ ಏರಿಸುತ್ತ ಹೋದರೆ ಒಂದು ವಾರ ತುಂಬುವ ಹೊತ್ತಿಗೆ ಕಿಲೋಗೆ 150 ಮಿ.ಲೀ. ತಲುಪುತ್ತದೆ. ಮೂರು ಕಿಲೋ ಕೂಸಿಗೆ ಇದನ್ನು ಅನ್ವಯಿಸಿ ನೋಡಿ. ಮೊದಲ ದಿನ 180 ಮಿ.ಲೀ., ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 20ರಿಂದ 25 ಮಿ.ಲೀ. ಮೂರನೆಯ ದಿನ ಸಲಕ್ಕೆ 35ರಿಂದ 40. ವಾರದ ಕೊನೆಗೆ ದಿನಕ್ಕೆ 450 ಮಿ.ಲೀ., ಅಂದರೆ ಸಲಕ್ಕೆ 55ರಿಂದ 60. ತಿಂಗಳು ತುಂಬುವಾಗ ಸಲಕ್ಕೆ 90ರಿಂದ 120 ಮಿ.ಲೀ. ಕುಡಿಯುವ ಕೂಸುಗಳೇ ಹೆಚ್ಚು. ಕೆಲವಕ್ಕೆ ದಿನಕ್ಕೆ ಕಿಲೋಗೆ 200 ಮಿ.ಲೀ.ವರೆಗೂ ಬೇಕಾದೀತು. ಆದರೆ ದಿನಕ್ಕೆ ಒಂದು ಲೀಟರಿನ ಹತ್ತಿರ ಕುಡಿಯತೊಡಗಿದರೆ ವೈದ್ಯರಿಗೆ ತಿಳಿಸಬೇಕು.

ಎಂಟು ಸಲವೆಂದರೆ ರಾತ್ರಿಯೂ ಸೇರಿ ಮೂರು ಗಂಟೆಗೊಮ್ಮೆ. ತಾಯಿಯ ಹಾಲಿಗಿಂತ ಡಬ್ಬಿ ಹಾಲು ಹೊಟ್ಟೆಯಿಂದ ನಿಧಾನವಾಗಿ ಖಾಲಿಯಾಗುವುದರಿಂದ ಇಷ್ಟು ಅಂತರ ಸಾಮಾನ್ಯ. ಕೂಸು ಎರಡು ಗಂಟೆಗೇ ಕೇಳಿದರೆ ಕೊಡಿ. ಹುಟ್ಟಿದ ಮೇಲೆ ನಾಲ್ಕಾರು ದಿನ ತೂಕ ಇಳಿಯುವುದು ಸಹಜ, ಹತ್ತರಿಂದ ಹದಿನಾಲ್ಕು ದಿನದೊಳಗೆ ಅದು ಮರಳಬೇಕು. ಮರಳುವವರೆಗೆ ಕೂಸು ನಾಲ್ಕು ಗಂಟೆ ಮೀರಿ ಮಲಗಿದರೆ ಎಬ್ಬಿಸಿ ಕುಡಿಸಬೇಕು.

150 ಎಲ್ಲಿಂದ ಬಂತು?

ಈ ಅಂಕಿಯ ಮೂಲ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನನಗಂತೂ ಎಷ್ಟು ಸಲ ವಿವರಿಸಿದರೂ ಬೇಸರ ಬಾರದ ಭಾಗವಿದು.

ಹಸುಗೂಸಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 100 ಕಿಲೋ ಕ್ಯಾಲೊರಿ ಶಕ್ತಿ ಬೇಕು. ಡಬ್ಬಿಯ ಸೂಚನೆಯಂತೆ ಕಲಸಿದ 100 ಮಿ.ಲೀ. ಹಾಲಿನಲ್ಲಿ ಸುಮಾರು 67 ಕಿಲೋ ಕ್ಯಾಲೊರಿ ಇರುತ್ತದೆ, ತಾಯಿಯ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 100 ಬೇಕಾದರೆ 150 ಮಿ.ಲೀ. ಕುಡಿಯಬೇಕು. ಲೆಕ್ಕ ಇಷ್ಟೇ! ಇನ್ನೂ ಸೊಗಸಿನ ಸಂಗತಿಯೆಂದರೆ, ಅದೇ 150 ಮಿ.ಲೀ.ಯಲ್ಲಿ ಕೂಸಿಗೆ ಬೇಕಾದ ನೀರೂ ಸೇರಿರುತ್ತದೆ. ಶಕ್ತಿ ಮತ್ತು ನೀರು ಎರಡೂ ಒಂದೇ ಅಳತೆಯಲ್ಲಿ ಸರಿಹೊಂದುತ್ತವೆ. ಆದರೆ ಹಾಲನ್ನು ಡಬ್ಬಿಯಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಕಲಸಿದಾಗ ಮಾತ್ರ ಈ ಹೊಂದಾಣಿಕೆ ಉಳಿಯುತ್ತದೆ.

ಜನ ಎಡವುವುದು ಇಲ್ಲಿಯೇ. ಎಷ್ಟು ಮಿ.ಲೀ. ಎಂದು ತಲೆ ಕೆಡಿಸಿಕೊಳ್ಳುವವರು ಎಷ್ಟು ಗಟ್ಟಿ ಎಂಬುದರಲ್ಲಿ ಸಲೀಸಾಗಿ ಕೈಯಾಡಿಸುತ್ತಾರೆ. ಡಬ್ಬಿ ದುಬಾರಿ, ನಾಲ್ಕು ದಿನ ಹೆಚ್ಚು ಬರಲಿ ಎಂದು ಕೆಲವರು ನೀರು ಹೆಚ್ಚಿಸುತ್ತಾರೆ. ಕೂಸಿಗೆ ಉಷ್ಣವಾಗುತ್ತದೆ, ಅರಗುವುದಿಲ್ಲ ಎಂದು ತೆಳ್ಳಗೆ ಮಾಡುವವರೂ ಇದ್ದಾರೆ. ಕೂಸು ಸೊರಗಿದೆ, ಬೇಗ ಮೈ ತುಂಬಲಿ ಎಂದು ಒಂದು ಚಮಚ ಹೆಚ್ಚು ಹಾಕುವವರಿಗೂ ಕೊರತೆಯಿಲ್ಲ. ಎಲ್ಲರದೂ ಪ್ರೀತಿಯೇ. ಆದರೆ ಕೂಸಿನ ಮೂತ್ರಪಿಂಡ ಈ ಬದಲಾವಣೆಯನ್ನು ತಾಳುವುದಿಲ್ಲ.

ನಾವು ಉಪ್ಪು ಹೆಚ್ಚು ತಿಂದರೆ ನಮ್ಮ ಮೂತ್ರಪಿಂಡಗಳು ಮೂತ್ರವನ್ನು ಗಾಢ ಮಾಡಿ, ಕಡಿಮೆ ನೀರಿನಲ್ಲಿ ಹೆಚ್ಚು ಲವಣವನ್ನು ಹೊರಹಾಕುತ್ತವೆ. ನೀರು ಹೆಚ್ಚಾದರೆ ತೆಳುವಾದ ಮೂತ್ರವನ್ನು ಧಾರಾಳವಾಗಿ ಬಿಡುತ್ತವೆ. ಹಸುಗೂಸಿಗೆ ಈ ಎರಡೂ ಕೆಲಸ ಪೂರ್ತಿಯಾಗಿ ಬಾರದು. ಮೂತ್ರವನ್ನು ಗಾಢ ಮಾಡುವ ಅದರ ಸಾಮರ್ಥ್ಯ ದೊಡ್ಡವರ ಅರ್ಧದಷ್ಟು ಮಾತ್ರ. ಹಾಲು ಗಟ್ಟಿಯಾದರೆ ಮಿಕ್ಕ ಲವಣ ಮತ್ತು ಪ್ರೋಟೀನಿನ ತ್ಯಾಜ್ಯವನ್ನು ಹೊರಹಾಕಲು ಅದು ಮೈಯ ನೀರನ್ನೇ ಖರ್ಚು ಮಾಡಬೇಕಾಗುತ್ತದೆ. ಮೈ ಒಣಗುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ಬಾಯಾರಿ ಅಳುವ ಕೂಸಿಗೆ ಹಸಿವೆಂದುಕೊಂಡು ಅದೇ ಗಟ್ಟಿ ಹಾಲನ್ನು ಮತ್ತೆ ಕೊಟ್ಟರೆ ಸ್ಥಿತಿ ಇನ್ನೂ ಕೆಡುತ್ತದೆ.

ತೆಳು ಹಾಲಿನ ಕಥೆ ಇದರ ತಿರುಗುಮುರುಗು. ಹೆಚ್ಚಾದ ನೀರನ್ನು ಬೇಗ ಹೊರಹಾಕಲಾರದೆ ರಕ್ತದ ಸೋಡಿಯಂ ಇಳಿಯುತ್ತದೆ. ಕೂಸು ಮಂಕಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಶಕ್ತಿಯ ಲೆಕ್ಕವೂ ತಪ್ಪುತ್ತದೆ. ಅರ್ಧ ಪುಡಿ ಹಾಕಿದರೆ ಮೂರು ಕಿಲೋ ಕೂಸು 450ರ ಬದಲು 900 ಮಿ.ಲೀ. ಕುಡಿಯಬೇಕು. ಅಷ್ಟು ಅದರ ಹೊಟ್ಟೆಗೆ ಹಿಡಿಸುವುದಿಲ್ಲ. ಹೊಟ್ಟೆ ತುಂಬಿದಂತೆ ಕಂಡರೂ ಕೂಸು ಬಡವಾಗುತ್ತ ಹೋಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು, ಸಕ್ಕರೆ ನೀರು ಬೇಡವೆನ್ನುವುದೂ, ಒಂದು ವರ್ಷದೊಳಗೆ ಹಸುವಿನ ಹಾಲನ್ನು ಮುಖ್ಯ ಆಹಾರ ಮಾಡಬೇಡಿ ಎನ್ನುವುದೂ ಭಾಗಶಃ ಮೂತ್ರಪಿಂಡದ ಈ ಮಿತಿಯ ಕಾರಣಕ್ಕೆ.

ಆದ್ದರಿಂದ ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಎಷ್ಟು ಕುಡಿಯಬೇಕೆಂಬುದರಲ್ಲಿ ಕೂಸಿಗೆ ಸ್ವಾತಂತ್ರ್ಯವಿದೆ, ಎಷ್ಟು ಗಟ್ಟಿ ಕಲಸಬೇಕೆಂಬುದರಲ್ಲಿ ನಮಗೆ ಸ್ವಾತಂತ್ರ್ಯವಿಲ್ಲ.

ಕಲಸುವ ಕ್ರಮ

ನಮ್ಮಲ್ಲಿ ಸಿಗುವ ಬಹುತೇಕ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಚಮಚ ಎಂದಿರುತ್ತದೆ. ನಿಮ್ಮ ಡಬ್ಬಿಯಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಆ ಡಬ್ಬಿಯ ಚಮಚವನ್ನೇ ಬಳಸಿ, ಬೇರೆ ಕಂಪನಿಯ ಚಮಚದ ಅಳತೆ ಬೇರೆ. ಚಮಚವನ್ನು ಒತ್ತಿ ತುಂಬದೆ, ಗೋಪುರದಂತೆ ಏರಿಸದೆ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ನೀರು ಮೊದಲು, ಪುಡಿ ಆಮೇಲೆ. ಪುಡಿ ಹಾಕಿ 60ರ ಗೆರೆವರೆಗೆ ನೀರು ತುಂಬಿದರೆ ಪುಡಿ ಹಿಡಿದ ಜಾಗದಷ್ಟು ನೀರು ಕಡಿಮೆಯಾಗಿ ಹಾಲು ಗಟ್ಟಿಯಾಗುತ್ತದೆ.

ಹಾಲಿನ ಪುಡಿ ಕ್ರಿಮಿರಹಿತವಲ್ಲ. ಹಾಗಾಗಿ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಆರಿಸಿ ಕುಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಲಹೆ ಕೊಟ್ಟಿತು. ಒಂದು ಲೀಟರ್ ನೀರು ಕುದಿದು ಅರ್ಧ ಗಂಟೆಯೊಳಗೆ ಎಂದು ಇಟ್ಟುಕೊಳ್ಳಿ. ಮಣಿಕಟ್ಟಿನ ಮೇಲೆ ಹನಿ ಬಿಟ್ಟು ಬಿಸಿ ನೋಡದೆ ಕುಡಿಸಬೇಡಿ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಬಳಸಬೇಕು, ಕೂಸು ಬಾಯಿ ಹಾಕಿ ಬಿಟ್ಟದ್ದನ್ನು ಚೆಲ್ಲಬೇಕು. ಬಾಟಲಿಗಿಂತ ಲೋಟ, ಚಮಚ ಅಥವಾ ನಮ್ಮ ಅಜ್ಜಿಯರ ಒಳಲೆ ತೊಳೆಯಲು, ಕುದಿಸಲು ಸುಲಭ. ಅದರಲ್ಲೂ ಹಾಲನ್ನು ಬಾಯಿಗೆ ಸುರಿಯದೆ, ತುಟಿಗೆ ತಾಗಿಸಿ ಕೂಸೇ ಹೀರಲು ಬಿಡಬೇಕು.

ಸಾಕೆಂದು ಕೂಸೇ ಹೇಳುತ್ತದೆ

ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲೇ ಕೂಸು ಬಾಯಿ ಚಪ್ಪರಿಸುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತಲೆಯನ್ನು ಆಚೀಚೆ ತಿರುಗಿಸಿ ಹುಡುಕುತ್ತದೆ. ಸಾಕಾದಾಗ ಚೀಪುವುದು ನಿಧಾನವಾಗುತ್ತದೆ, ತುಟಿ ಮುಚ್ಚುತ್ತದೆ, ಮುಖ ತಿರುಗುತ್ತದೆ, ಮುಷ್ಟಿ ಸಡಿಲವಾಗುತ್ತದೆ.

ಬಾಟಲಿಯಲ್ಲಿ ಈ ಸೂಚನೆ ತಪ್ಪಿಹೋಗುವ ಅಪಾಯ ಹೆಚ್ಚು. ಬಾಯಿಗೆ ಏನು ತಾಗಿದರೂ ಚೀಪುವುದು ಹಸುಗೂಸಿನ ಸ್ವಭಾವ. ಬಾಟಲಿ ಬೋರಲಾಗಿದ್ದರೆ ಹಾಲು ತಾನೇ ಸುರಿಯುತ್ತದೆ, ನುಂಗದೆ ಗತಿಯಿಲ್ಲ. ಹೊಟ್ಟೆ ತುಂಬಿದ ಅರಿವು ಮೂಡುವುದರೊಳಗೆ ಅಳತೆ ಮೀರಿರುತ್ತದೆ, ಆಮೇಲೆ ಕಕ್ಕುವುದು, ಹೊಟ್ಟೆಯುಬ್ಬರ. ಕೂಸನ್ನು ಅರ್ಧ ಕೂತ ಭಂಗಿಯಲ್ಲಿ ಹಿಡಿದು, ಬಾಟಲಿಯನ್ನು ಹೆಚ್ಚು ಬಗ್ಗಿಸದೆ, ನಡುನಡುವೆ ನಿಲ್ಲಿಸಿ ತೇಗು ಬರಿಸಿದರೆ ಕೂಸಿಗೆ ಯೋಚಿಸಲು ಸಮಯ ಸಿಗುತ್ತದೆ. ಉಳಿದದ್ದು ಹಾಳಾಗುತ್ತದಲ್ಲ ಎಂಬ ಸಂಕಟವೇ ಅತಿಯಾಗಿ ಕುಡಿಸಲು ದೊಡ್ಡ ಕಾರಣ. ಅದಕ್ಕೆ ಮೊದಲು ಕಡಿಮೆ ಕಲಸಿ, ಕೇಳಿದರೆ ಇನ್ನೊಂದು 30 ಮಿ.ಲೀ. ಕಲಸಿ.

ಸರಿಹೋಗುತ್ತಿದೆಯೇ?

ಆರನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ತೂಕ ಏರಬೇಕು. ಎರಡು ಸಲ ಸತತವಾಗಿ ಹಾಲು ಬೇಡವೆಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಹಸಿರು ಬಣ್ಣದ ವಾಂತಿಯಾದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಗಳ ಹಿಂದೆ ದೊಡ್ಡ ಅಧ್ಯಯನವಿದೆ. ಭಾರತವೂ ಸೇರಿದಂತೆ ಆರು ದೇಶಗಳ, ತಾಯಿಯ ಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಅವನ್ನು ಪ್ರಕಟಿಸಿತು. ಡಬ್ಬಿ ಹಾಲಿನ ಕೂಸು ಆ ಗೆರೆಗಳನ್ನು ಮೀರಿ ದಪ್ಪಗಾಗುತ್ತಿದ್ದರೆ ಅದು ಹಿಗ್ಗುವ ಸಂಗತಿಯಲ್ಲ.

ದಿನಕ್ಕೆ ಕಿಲೋಗೆ 150 ಮಿ.ಲೀ., ಎಂಟು ಸಲ, ಗಾಢತೆ ಡಬ್ಬಿ ಹೇಳಿದಷ್ಟು, ಸಾಕೆಂದಾಗ ನಿಲ್ಲಿಸುವುದು. ಈ ಅಧ್ಯಾಯದ ಸಾರ ಇಷ್ಟೇ. ಆದರೆ ಸಾರವನ್ನು ಬಾಯಿಪಾಠ ಮಾಡಿ ನಿಲ್ಲಬೇಡಿ ಎಂಬುದು ನನ್ನ ಪ್ರಾರ್ಥನೆ. ಕೂಸಿನ ಮೂತ್ರಪಿಂಡ ಹೇಗೆ ಬಲಿಯುತ್ತದೆ, ಬೆಳವಣಿಗೆಯ ಗೆರೆ ಏನು ಹೇಳುತ್ತದೆ ಎಂಬುದನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಕೂಸಿಗೆ ಹಾಲು ಕಲಸುವ ಪ್ರತಿಯೊಬ್ಬರಿಗೂ, ಅಜ್ಜಿಗೂ ಅಪ್ಪನಿಗೂ, ಅದನ್ನು ತಿಳಿಸಿಕೊಡಿ.