ಅನ್ನಕ್ಕೆ ಅಂಜುವ ಹರೆಯ

ಹಸಿದವನಿಗೆ ಅನ್ನ ಬೇಕೆನಿಸುವುದು ಸೃಷ್ಟಿಸಹಜವಾದ ಧರ್ಮ. ಒಡಲಲ್ಲಿ ಹಸಿವಿದ್ದು, ಮುಂದೆ ಬಡಿಸಿದ ಎಡೆಯಿದ್ದೂ ಉಣ್ಣಲು ಅಂಜುವ ಮಕ್ಕಳಿದ್ದಾರೆಂದರೆ ಹಿರಿಯರಿಗೆ ಸೋಜಿಗವಾಗುತ್ತದೆ. ಆ ಸೋಜಿಗ ಬಹುಬೇಗ ಸಿಟ್ಟಾಗಿ ಮಾರ್ಪಟ್ಟು, ಹಟವೆಂದೋ ಒಯ್ಯಾರವೆಂದೋ ಮಗುವನ್ನು ಜರೆಯುವುದಾಗುತ್ತದೆ. ಆದರೆ ಇದು ಹಟವೂ ಅಲ್ಲ, ಒಯ್ಯಾರವೂ ಅಲ್ಲ, ವ್ಯಾಧಿ.

ಇಂಗ್ಲೆಂಡಿನ ವೈದ್ಯರಾದ ರಿಚರ್ಡ್ ಮಾರ್ಟನ್ ಅವರು 1689ರಲ್ಲಿ ಪ್ರಕಟಿಸಿದ ಕ್ಷಯರೋಗದ ಗ್ರಂಥದಲ್ಲಿ, ಜ್ವರ ಕೆಮ್ಮುಗಳಿಲ್ಲದೆಯೇ ಸೊರಗಿಹೋದ ಒಬ್ಬ ತರುಣಿಯನ್ನೂ ಒಬ್ಬ ಹುಡುಗನನ್ನೂ ವರ್ಣಿಸಿದ್ದಾರೆ. 1874ರಲ್ಲಿ ಪ್ರಕಟವಾದ ಲೇಖನದಲ್ಲಿ ವಿಲಿಯಂ ಗಲ್ ಅವರು ಇದಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಎಂದು ಹೆಸರಿಟ್ಟರು. ತಡೆಯಲಾರದೆ ಅತಿಯಾಗಿ ಉಂಡು, ಬಳಿಕ ಅದನ್ನು ಹೊರಹಾಕಲು ಹೆಣಗುವ ಇನ್ನೊಂದು ಬಗೆಯನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಅವರು 'ಬುಲಿಮಿಯಾ ನರ್ವೋಸಾ' ಎಂದು ಕರೆದರು. ಮೊದಲನೆಯ ಹೆಸರಿಗೆ ಹಸಿವಿಲ್ಲದಿರುವಿಕೆ ಎಂದರ್ಥ. ವಾಸ್ತವದಲ್ಲಿ ರೋಗಿಗೆ ಹಸಿವಿರುತ್ತದೆ, ಅದರೊಡನೆ ಹಗಲಿರುಳು ಹೋರಾಟವಿರುತ್ತದೆ.

ಈ ಹೋರಾಟ ಹೊರಗಿನವರಿಗೆ ಕಾಣದು. ಮೊದಮೊದಲು 'ಸಣ್ಣಗಾಗಿ ಚೆನ್ನಾಗಿ ಕಾಣುತ್ತೀಯೆ' ಎಂಬ ಹೊಗಳಿಕೆ ದೊರೆಯುತ್ತದೆ. ಅದೇ ಉರಿಗೆ ತುಪ್ಪವಾಗುತ್ತದೆ. ಬರಬರುತ್ತ ಪ್ರತಿ ತುತ್ತಿಗೂ ಲೆಕ್ಕ, ಪ್ರತಿ ಊಟಕ್ಕೂ ನೆಪ. 'ಗೆಳತಿಯ ಮನೆಯಲ್ಲಿ ಉಂಡೆ' ಎಂಬ ಸುಳ್ಳು ನಾಲಗೆಗೆ ಬರುತ್ತದೆ. ಸುಳ್ಳಾಡಿದ ಅಪರಾಧಭಾವ ಎದೆಯನ್ನು ಕೊರೆಯುತ್ತದೆ. ಎಷ್ಟು ಕೃಶವಾದರೂ ಕನ್ನಡಿಯಲ್ಲಿ ಕಾಣುವುದು ಸ್ಥೂಲದೇಹವೇ. ನಮ್ಮ ನಾಡಿನಲ್ಲಿ ಕೆಲವರು ದಪ್ಪವಾಗುವ ಭಯವನ್ನು ಹೇಳಿಕೊಳ್ಳದೆ, ಹೊಟ್ಟೆಯುಬ್ಬರವೆಂದೋ ರುಚಿಯಿಲ್ಲವೆಂದೋ ಹೇಳುವುದುಂಟು. ಸಹಪಂಕ್ತಿಯ ಊಟ ಶಿಕ್ಷೆಯಾಗಿ, ಗೆಳೆತನಗಳು ಒಂದೊಂದಾಗಿ ಕಳಚುತ್ತವೆ. ಕಡೆಗೆ ರೋಗವೇ ತನ್ನ ಏಕೈಕ ಆಪ್ತನೆಂಬ ಭ್ರಮೆ ಕವಿಯುತ್ತದೆ. ಆದುದರಿಂದಲೇ ಚಿಕಿತ್ಸೆಯೆಂದರೆ ಮಗು ಹೆದರುತ್ತದೆ.

ಬುದ್ಧಿವಾದ ಇಲ್ಲೇಕೆ ಫಲಿಸದೆಂಬುದಕ್ಕೆ ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ನಡೆದ ಪ್ರಯೋಗವೊಂದು ಸಮಾಧಾನ ಹೇಳುತ್ತದೆ. ಆನ್ಸೆಲ್ ಕೀಸ್ ಅವರು ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದರು. ಅವರಿಗೆ ಅನ್ನದ್ದೇ ಧ್ಯಾನ, ಅನ್ನದ್ದೇ ಕನಸು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಸಿಡುಕು, ಖಿನ್ನತೆ, ಏಕಾಂತಪ್ರಿಯತೆಗಳು ಆವರಿಸಿದವು. ಉಪವಾಸವು ದೇಹವನ್ನಷ್ಟೇ ಅಲ್ಲ, ಬುದ್ಧಿಯನ್ನೂ ಕೃಶಗೊಳಿಸುತ್ತದೆ. ಬಳಲಿದ ಬುದ್ಧಿಗೆ ಉಪದೇಶ ನಾಟದು, ಆಹಾರವೇ ಪ್ರಥಮೌಷಧ.

ಈ ತತ್ತ್ವವನ್ನಾಧರಿಸಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತಜ್ಞರು ರೂಪಿಸಿದ ಕ್ರಮದಲ್ಲಿ ತಂದೆತಾಯಿಗಳನ್ನು ಅಪರಾಧಿಗಳೆಂದು ಕಾಣದೆ, ಉಣಿಸುವ ಹೊಣೆಯನ್ನು ಅವರಿಗೇ ಒಪ್ಪಿಸಲಾಗುತ್ತದೆ. 1987ರಲ್ಲಿ ಪ್ರಕಟವಾದ ಅಧ್ಯಯನವು, ರೋಗ ಹೊಸದಾಗಿರುವ ಎಳೆಯರಲ್ಲಿ ಈ ಮಾರ್ಗ ಫಲಕಾರಿಯೆಂದು ತೋರಿಸಿತು. ಎಂದಮೇಲೆ ಬೇಗ ಗುರುತಿಸುವುದೇ ಮುಖ್ಯ. ಮನೋವ್ಯಾಧಿಗಳಲ್ಲಿ ಅತಿಹೆಚ್ಚು ಪ್ರಾಣಹಾನಿಯನ್ನುಂಟುಮಾಡುವವುಗಳಲ್ಲಿ ಅನೊರೆಕ್ಸಿಯಾ ಒಂದು.

ಗುರುತಿಸುವ ಅವಕಾಶ ಅನೇಕ ವೇಳೆ ಶಾಲೆಗೇ ಮೊದಲು ಒದಗುತ್ತದೆ. ಪಂಕ್ತಿಗೆ ತಪ್ಪಿಸಿಕೊಳ್ಳುವ, ಬಿಸಿಲಲ್ಲೂ ಚಳಿಯೆನ್ನುವ, ಪ್ರಾರ್ಥನೆಯ ವೇಳೆ ತಲೆಸುತ್ತಿ ಬೀಳುವ, ಊಟವಾದೊಡನೆ ಮರೆಗೆ ಸರಿಯುವ ವಿದ್ಯಾರ್ಥಿಯನ್ನು ಉಪಾಧ್ಯಾಯರು ಗಮನಿಸಬೇಕು. ಅಂಥವರಲ್ಲಿ ಗಂಡುಮಕ್ಕಳೂ ಇರಬಹುದು, ಮೈಕಟ್ಟಿನಲ್ಲಿ ಸಾಮಾನ್ಯವಾಗಿ ತೋರುವವರೂ ಇರಬಹುದು. ಎಲ್ಲರೆದುರು ಗದರಿಸಿ ಉಣಿಸುವುದು ತರವಲ್ಲ. ದಪ್ಪ, ಸಣ್ಣ ಎಂಬ ಅಡ್ಡಹೆಸರುಗಳಿಗೆ ತರಗತಿಯಲ್ಲಿ ಎಡೆಗೊಡಬಾರದು. ಏಕಾಂತದಲ್ಲಿ ಕರೆದು, ತೂಕದ ಮಾತೆತ್ತದೆ, 'ಈಚೆಗೆ ಬಳಲಿದಂತಿರುವೆ, ಏನು ಕಷ್ಟ?' ಎಂದು ಕೇಳಿದರೆ ಸಾಕು. ಮೊದಲ ದಿನ ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಬೇಕು. ತಂದೆತಾಯಿಗಳಿಗೆ ತಿಳಿಸಿ, ವೈದ್ಯರ ಬಳಿಗೆ ಕಳುಹಿಸುವುದನ್ನು ಮಾತ್ರ ಮುಂದೂಡಲಾಗದು.

ಗುಣವಾಗಲು ತಿಂಗಳುಗಳಲ್ಲ, ಹಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ನಡುವೆ ರೋಗ ಮರುಕಳಿಸುವುದೂ ಉಂಟು. ಆದರೂ ಅನೇಕರು ಗುಣಹೊಂದಿ, ಮತ್ತೆ ಎಲ್ಲರೊಡನೆ ಕುಳಿತು ನಿರ್ಭಯವಾಗಿ ಉಣ್ಣುತ್ತಾರೆ.